ಅಪ್ಪನಿಗೆ 46ಕ್ಕೇ ದೊಡ್ಡ ಕರುಳಿನ ಕ್ಯಾನ್ಸರ್, ನನ್ನ ಜೀನ್ ಟೆಸ್ಟ್ ನೆಗೆಟಿವ್: ಇನ್ನು ನಿಶ್ಚಿಂತೆಯಿಂದ ಇರಬಹುದಾ?

ಕಾಡುಮಲ್ಲಿಗೆ

ಪ್ರಶ್ನೆ ಮೇಲೇ ಇದೆ. ಹಿನ್ನೆಲೆ ಇಷ್ಟು. ಅಪ್ಪನಿಗೆ 46ನೇ ವಯಸ್ಸಿನಲ್ಲಿ ದೊಡ್ಡ ಕರುಳಿನ ಬಲಭಾಗದಲ್ಲಿ ಕ್ಯಾನ್ಸರ್ ಕಂಡಿತು. ಆಪರೇಷನ್ ಆಯಿತು, ಕೀಮೋ ಆಯಿತು, ಆದರೂ ಉಳಿಯಲಿಲ್ಲ. ಅಪ್ಪನ ಅಕ್ಕ, ಅಂದರೆ ನನ್ನ ಸೋದರತ್ತೆ, 49ರಲ್ಲಿ ಗರ್ಭಕೋಶದ ಕ್ಯಾನ್ಸರ್ ಬಂದು ಗರ್ಭಕೋಶ ತೆಗೆಸಿಕೊಂಡರು. ಈಗ ಗಟ್ಟಿಮುಟ್ಟಾಗಿದ್ದಾರೆ. ಅಜ್ಜ 'ಹೊಟ್ಟೆಯಲ್ಲಿ ಗಡ್ಡೆ' ಆಗಿ ತೀರಿಕೊಂಡರು ಅಂತಾರೆ. ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿಲ್ಲ.

ನನಗೆ 33. ಮನೆಗೇ ಬರುವ ಉಗುಳಿನ ಕಿಟ್ ತರಿಸಿ ಟೆಸ್ಟ್ ಮಾಡಿಸಿದೆ. ರಿಪೋರ್ಟ್‌ನಲ್ಲಿ ಹಸಿರು ಅಕ್ಷರದಲ್ಲಿ 'ಅಪಾಯದ ಬದಲಾವಣೆ ಕಂಡುಬಂದಿಲ್ಲ' ಅಂತ ಇದೆ. ಅಣ್ಣ, ಅಕ್ಕ ಇಬ್ಬರೂ 'ಸದ್ಯ, ನಮಗೂ ಇರಲ್ಲ ಬಿಡು' ಅಂದುಬಿಟ್ಟರು. ನಮ್ಮ ಡಾಕ್ಟರ್ ಮಾತ್ರ ಆ ಹಾಳೆಯನ್ನು ಪಕ್ಕಕ್ಕಿಟ್ಟು 'ಕೊಲೊನೋಸ್ಕೋಪಿ ಮಾಡಿಸಿ' ಅಂದರು, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆ. ನೆಗೆಟಿವ್ ಬಂದ ಮೇಲೂ ಅದು ಬೇಕಾ? ಸುಮ್ನೆ ಹೆದರಿಸುತ್ತಿದ್ದಾರಾ?

ಸರಳರೇಖೆ

ನೆಗೆಟಿವ್ ಅಂದರೆ ನೆಗೆಟಿವ್ ಅಲ್ವಾ? ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಒಂದೇ ಒಂದು ಕೆಟ್ಟ ಜೀನ್‌ನಿಂದ ವಂಶಪಾರಂಪರ್ಯವಾಗಿ ಬರುವುದು 5ರಿಂದ 10% ಮಾತ್ರ. ಉಳಿದದ್ದಕ್ಕೆ ವಯಸ್ಸು, ಬೊಜ್ಜು, ಸಿಗರೇಟು, ಮದ್ಯ, ಹೀಗೆ ನೂರೆಂಟು ಕಾರಣ. ನಿಮ್ಮದು ಆ ಸಣ್ಣ ಪಾಲಿನಲ್ಲಿ ಇಲ್ಲ ಅಂತ ಟೆಸ್ಟೇ ಹೇಳಿದೆ. ಖುಷಿಯಾಗಿರಿ.

ಚೌಕ ವೃತ್ತ

ನಾನು ಜೆನೆಟಿಕ್ ಕೌನ್ಸೆಲರ್. ಸರಳರೇಖೆ ಅವರು ಹೇಳಿದ 5–10% ಸರಿ. ಆದರೆ ಅದು ಎಲ್ಲ ರೋಗಿಗಳನ್ನೂ ಸೇರಿಸಿ ಹೇಳುವ ಲೆಕ್ಕ. 75ರಲ್ಲಿ ಕ್ಯಾನ್ಸರ್ ಬಂದವರನ್ನೂ 46ರಲ್ಲಿ ಬಂದವರನ್ನೂ ಒಂದೇ ತಕ್ಕಡಿಗೆ ಹಾಕುವಂತಿಲ್ಲ. ಅಮೆರಿಕದ ಒಹಾಯೊದಲ್ಲಿ 50 ತುಂಬುವ ಮೊದಲೇ ಈ ಕ್ಯಾನ್ಸರ್ ಬಂದ 450 ಜನರ ಜೀನ್ ಪರೀಕ್ಷೆ ಮಾಡಿದ್ದರು, 2017ರಲ್ಲಿ ಪ್ರಕಟವಾಯಿತು. ಅವರಲ್ಲಿ 16% ಜನರಲ್ಲಿ ವಂಶದಿಂದ ಬಂದ ದೋಷ ಸಿಕ್ಕಿತು. ಅಂದರೆ ಆರರಲ್ಲಿ ಒಬ್ಬರು.

ಈಗ ಕಾಡುಮಲ್ಲಿಗೆ ಅವರ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಅಪ್ಪನಲ್ಲಿ ಯಾವ ದೋಷ ಇತ್ತು ಅಂತ ಗೊತ್ತಿದ್ದು, ಅದೇ ನಿಮ್ಮಲ್ಲಿ ಇಲ್ಲ ಅಂತ ಬಂದಿದ್ದರೆ ಅದು ನಿಜವಾದ ನೆಗೆಟಿವ್. ಆಗ ನಿಮ್ಮ ಅಪಾಯ ಊರಿನ ಎಲ್ಲರಷ್ಟೇ. ಈಗ ನಿಮಗೆ ಬಂದಿರುವುದು ಅದಲ್ಲ. ಏನನ್ನು ಹುಡುಕಬೇಕು ಅನ್ನುವುದೇ ಗೊತ್ತಿಲ್ಲದೆ ಹುಡುಕಿದ್ದಾರೆ, ಸಿಕ್ಕಿಲ್ಲ. ಸಿಗದೇ ಇರುವುದಕ್ಕೆ ಮೂರು ಕಾರಣ ಇರಬಹುದು. ಮನೆತನದಲ್ಲಿ ಅಂಥ ದೋಷವೇ ಇಲ್ಲ. ಇದೆ, ಆದರೆ ನಿಮಗೆ ಬಂದಿಲ್ಲ. ಇದೆ, ನಿಮಗೂ ಬಂದಿದೆ, ಆದರೆ ಆ ಕಿಟ್ ಅಲ್ಲಿ ನೋಡಿಯೇ ಇಲ್ಲ. ಈ ಮೂರರಲ್ಲಿ ಯಾವುದು ಅಂತ ನಿಮ್ಮ ಉಗುಳು ಒಂದೇ ಹೇಳಲಾರದು.

ಅದಕ್ಕೇ ನಮ್ಮ ಕೆಲಸದಲ್ಲಿ ಮೊದಲ ನಿಯಮ: ಆರೋಗ್ಯವಾಗಿರುವವರಿಂದ ಶುರು ಮಾಡಬೇಡಿ, ಕಾಯಿಲೆ ಬಂದವರಿಂದ ಶುರು ಮಾಡಿ. ನಿಮ್ಮ ಮನೆಯಲ್ಲಿ ಅದು ಅತ್ತೆ.

ಸರಳರೇಖೆ

ಅತ್ತೆಗೆ ಬಂದದ್ದು ಗರ್ಭಕೋಶದ ಕ್ಯಾನ್ಸರ್. ಅಪ್ಪನದು ಕರುಳು. ಎತ್ತಣಿಂದೆತ್ತ ಸಂಬಂಧ?

ಚೌಕ ವೃತ್ತ

ಬಹಳ ಹತ್ತಿರದ ಸಂಬಂಧ. ಈ ಎರಡೂ ಒಂದೇ ಕುಟುಂಬದಲ್ಲಿ, ಅದೂ 50ರ ಒಳಗೆ ಬಂದರೆ ನಮಗೆ ಮೊದಲು ಹೊಳೆಯುವ ಹೆಸರು ಲಿಂಚ್ ಸಿಂಡ್ರೋಮ್. ವಂಶದಿಂದ ಬರುವ ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಇದೇ ಹೆಚ್ಚು, ಒಟ್ಟು ರೋಗಿಗಳಲ್ಲಿ ಸುಮಾರು 3%. ಹೆಂಗಸರಲ್ಲಿ ಕರುಳಿಗಿಂತ ಮೊದಲು ಗರ್ಭಕೋಶದ ಒಳಪದರದಲ್ಲೇ ಕಾಣಿಸಿಕೊಳ್ಳುವುದು ಸಾಮಾನ್ಯ. ಅಂಡಾಶಯ, ಹೊಟ್ಟೆ, ಸಣ್ಣ ಕರುಳು, ಮೂತ್ರನಾಳ ಇವೂ ಪಟ್ಟಿಯಲ್ಲಿವೆ.

ಕುಟುಂಬವನ್ನು ಅಂದಾಜು ಮಾಡಲು 3-2-1 ಅಂತ ಒಂದು ಹಳೇ ಅಳತೆ ಇದೆ, ಆಮ್‌ಸ್ಟರ್‌ಡ್ಯಾಮ್ ಮಾನದಂಡ ಅಂತಾರೆ. 1991ರಲ್ಲಿ ಬಂತು, 1999ರಲ್ಲಿ ಗರ್ಭಕೋಶ ಮುಂತಾದವನ್ನು ಸೇರಿಸಿ ತಿದ್ದಿದರು. ಹತ್ತಿರದ ಸಂಬಂಧಿಕರಲ್ಲಿ 3 ಜನರಿಗೆ, 2 ತಲೆಮಾರಿನಲ್ಲಿ, ಕನಿಷ್ಠ 1 ವ್ಯಕ್ತಿಗೆ 50ರೊಳಗೆ. ನಿಮ್ಮ ಅಜ್ಜನ 'ಹೊಟ್ಟೆಯ ಗಡ್ಡೆ' ಕರುಳಿನದ್ದಾಗಿದ್ದರೆ ನಿಮ್ಮ ಮನೆ ಈ ಅಳತೆಗೆ ಸರಿಯಾಗಿ ಕೂರುತ್ತದೆ. ಯಾರಾದರೂ ಹಿರಿಯರನ್ನು ಕೇಳಿ: ಎಷ್ಟು ವಯಸ್ಸಾಗಿತ್ತು, ಮಲದಲ್ಲಿ ರಕ್ತ ಹೋಗುತ್ತಿತ್ತಾ, ಆಪರೇಷನ್ ಆಗಿತ್ತಾ, ಹಳೇ ಚೀಟಿ ಏನಾದರೂ ಉಳಿದಿದೆಯಾ.

ಇದು ಅಳತೆಗೆ ಕೂರದಿದ್ದರೆ ಲಿಂಚ್ ಇಲ್ಲ ಅಂತಲ್ಲ. ಸಣ್ಣ ಕುಟುಂಬಗಳಲ್ಲಿ ಮೂರು ಜನ ಎಲ್ಲಿಂದ ತರುವುದು? ಅದಕ್ಕೇ ಈಗ ಬಹಳ ಕಡೆ ಕುಟುಂಬದ ಕತೆ ಕೇಳದೆ ಎಲ್ಲ ಕರುಳಿನ ಗಡ್ಡೆಗೂ ಒಂದು ಪರೀಕ್ಷೆ ಮಾಡುತ್ತಾರೆ. ಅದರ ಬಗ್ಗೆ ಲ್ಯಾಬ್‌ನವರು ಹೇಳಿದರೆ ಚೆನ್ನ.

ಲ್ಯಾಬ್‌ಕೋಟು

ಕರೆದಿರಿ, ಬಂದೆ. ಪೆಥಾಲಜಿಯಲ್ಲಿ ಕೆಲಸ.

ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ತುಂಡುಗಳನ್ನು ಎಸೆಯುವುದಿಲ್ಲ. ಮೇಣದಲ್ಲಿ ಅಚ್ಚು ಹಾಕಿ ಇಡುತ್ತೇವೆ. ಬ್ಲಾಕ್ ಅಂತೀವಿ. ಬೆರಳ ತುದಿಯಷ್ಟು ಮೇಣ, ಮಧ್ಯೆ ಕಂದು ಬಣ್ಣದ ಮಾಂಸದ ಚೂರು, ಪ್ಲಾಸ್ಟಿಕ್ ಚೌಕಟ್ಟಿನ ಅಂಚಿನಲ್ಲಿ ನಂಬರು. ವರ್ಷಗಟ್ಟಲೆ ಕೆಡುವುದಿಲ್ಲ. ನಿಮ್ಮ ತಂದೆ ಈಗ ಇಲ್ಲದಿದ್ದರೂ ಅವರ ಬ್ಲಾಕ್ ಇರಬಹುದು. ಕೇಳಿ ನೋಡಿ.

ಅದರಿಂದ ತೆಳ್ಳಗೆ ಒಂದು ಪದರ ಕೊಯ್ದು, ನಾಲ್ಕು ಪ್ರೋಟೀನ್‌ಗಳಿಗೆ ಬಣ್ಣ ಹಾಕುತ್ತೇವೆ: ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6. ಜೀವಕೋಶ ಒಂದು ಎರಡಾಗುವಾಗ ಡಿಎನ್‌ಎ ನಕಲು ಆಗುತ್ತದಲ್ಲ, ಆಗ ನುಸುಳುವ ಅಕ್ಷರ ತಪ್ಪುಗಳನ್ನು ಇವು ಕರಡು ತಿದ್ದುವವರ ಹಾಗೆ ಹಿಡಿದು ಸರಿಮಾಡುತ್ತವೆ. ಇವುಗಳಲ್ಲಿ ಒಂದರ ಜೀನ್ ಹುಟ್ಟಿನಿಂದಲೇ ಕೆಟ್ಟಿರುವುದೇ ಲಿಂಚ್. ಜೋಡಿಯಾಗಿ ಕೆಲಸ. ಎಂಎಲ್‌ಎಚ್1ಗೆ ಪಿಎಂಎಸ್2 ಜೊತೆ, ಎಂಎಸ್‌ಎಚ್2ಗೆ ಎಂಎಸ್‌ಎಚ್6 ಜೊತೆ. ಮೈಕ್ರೋಸ್ಕೋಪಿನಲ್ಲಿ ಸರಿಯಿರುವ ಜೀವಕೋಶದ ನ್ಯೂಕ್ಲಿಯಸ್ ಕಂದಾಗಿ ಕಾಣುತ್ತದೆ. ಪ್ರೋಟೀನ್ ಇಲ್ಲದ ಗಡ್ಡೆಯಲ್ಲಿ ನೀಲಿಯಾಗಿಯೇ ಉಳಿಯುತ್ತದೆ. ಪಕ್ಕದಲ್ಲೇ ಗಡ್ಡೆಯೊಳಗೆ ನುಗ್ಗಿದ ಬಿಳಿ ರಕ್ತಕಣಗಳು ಕಂದಾಗಿ ಕೂತಿರುತ್ತವೆ. ಅವು ಕಂದಾಗಿದ್ದರೇ ಬಣ್ಣ ಸರಿಯಾಗಿ ಹಿಡಿದಿದೆ ಅಂತ ನಂಬುವುದು. ಇಲ್ಲದಿದ್ದರೆ ಸ್ಲೈಡ್ ಮತ್ತೆ ಮಾಡಬೇಕು.

ಯಾವ ಜೋಡಿ ಕಾಣೆಯಾಗಿದೆ ಅನ್ನುವುದೇ ಸುಳಿವು. ಎಂಎಸ್‌ಎಚ್2 ಮತ್ತು ಎಂಎಸ್‌ಎಚ್6 ಎರಡೂ ಇಲ್ಲ ಅಂದರೆ ಲಿಂಚ್ ಇರುವ ಸಾಧ್ಯತೆ ಜೋರು. ಎಂಎಸ್‌ಎಚ್2 ಜೀನ್ ಕಡೆ ಮೊದಲು ನೋಡಬೇಕು. ಎಂಎಲ್‌ಎಚ್1, ಪಿಎಂಎಸ್2 ಇಲ್ಲ ಅಂದರೆ ಆತುರ ಪಡಬೇಡಿ. ವಯಸ್ಸಾದವರಲ್ಲಿ ಆ ಜೀನ್ ತಾನಾಗಿಯೇ ಬಾಯಿ ಮುಚ್ಚಿಕೊಂಡಿರುವುದು ಜಾಸ್ತಿ, ವಂಶಕ್ಕೂ ಅದಕ್ಕೂ ಸಂಬಂಧ ಇರುವುದಿಲ್ಲ. ಗಡ್ಡೆಯಲ್ಲಿ ಬಿಆರ್‌ಎಎಫ್ ಜೀನ್‌ನ ವಿ600ಇ ಬದಲಾವಣೆ ಇದೆಯಾ, ಎಂಎಲ್‌ಎಚ್1ರ ಮೇಲೆ ಅದರ ಬಾಯಿ ಮುಚ್ಚಿಸುವ ಮೀಥೈಲ್ ಅನ್ನುವ ರಾಸಾಯನಿಕ ಗುರುತು ಅಂಟಿದೆಯಾ ಅಂತ ನೋಡುತ್ತೇವೆ. ಅವು ಇದ್ದರೆ ಸಾಮಾನ್ಯವಾಗಿ ಲಿಂಚ್ ಅಲ್ಲ.

ಎಂಎಸ್‌ಐ ಅಂತ ಇನ್ನೊಂದು ಪರೀಕ್ಷೆ ಇದೆ. ತಿದ್ದುವವರಿಲ್ಲದೆ ಡಿಎನ್‌ಎಯಲ್ಲಿ ಪುನರಾವರ್ತನೆಯಾಗುವ ಸಣ್ಣ ತುಣುಕುಗಳ ಉದ್ದ ಏರುಪೇರಾಗಿರುತ್ತದೆ, ಅದನ್ನು ಅಳೆಯುತ್ತದೆ. ಕರುಳಿನ ಗಡ್ಡೆಗಳಲ್ಲಿ ಸುಮಾರು 15% ಹೀಗೆ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ವಂಶದ್ದಲ್ಲ. ರಿಪೋರ್ಟ್‌ನಲ್ಲಿ 'ಎಂಎಸ್‌ಐ ಹೈ' ಅಂತ ನೋಡಿದ ಕೂಡಲೇ ಮನೆಮಂದಿಗೆಲ್ಲ ಫೋನ್ ಮಾಡುವವರನ್ನು ನೋಡಿದ್ದೇನೆ. ಸ್ವಲ್ಪ ತಾಳಿ.

ಕಾಡುಮಲ್ಲಿಗೆ

ಇಷ್ಟೆಲ್ಲ ಇದೆ ಅಂತ ಗೊತ್ತೇ ಇರಲಿಲ್ಲ. ಅಪ್ಪನ ಆಪರೇಷನ್ ಆದ ಕಡೆ ವಿಚಾರಿಸಿದೆ. ಬ್ಲಾಕ್ ಹುಡುಕಬೇಕು, ಮೊದಲು ಅರ್ಜಿ ಕೊಡಿ ಅಂದರು. ಅತ್ತೆಯದು ಬೇಗ ಸಿಗುತ್ತದೆ ಅನಿಸುತ್ತದೆ. ಅತ್ತೆ ಮಾತ್ರ 'ನಂದು ಮುಗಿದ ಕತೆ, ಈಗ ಯಾಕೆ ಕೆದಕೋದು?' ಅಂತಿದ್ದಾರೆ. ಹೇಗೆ ಹೇಳಲಿ?

ಚೌಕ ವೃತ್ತ

ಅವರಿಗೇ ಉಪಯೋಗ ಇದೆ ಅಂತ ಹೇಳಿ, ಅದು ನಿಜವೂ ಹೌದು. ಲಿಂಚ್ ಇದ್ದರೆ ಗರ್ಭಕೋಶ ತೆಗೆದರೂ ಕರುಳು ಹಾಗೇ ಇದೆಯಲ್ಲ. ಅವರು ಒಮ್ಮೆಯೂ ಕೊಲೊನೋಸ್ಕೋಪಿ ಮಾಡಿಸಿಲ್ಲದಿದ್ದರೆ ಮೊದಲು ಮಾಡಿಸಬೇಕಾದವರು ಅವರೇ. 'ನಿಮ್ಮಿಂದ ನಮಗೆ ಬಂತಾ ನೋಡಬೇಕು' ಅನ್ನುವ ಧಾಟಿ ಬೇಡ. ಹಿರಿಯರಿಗೆ ಅದು ಆಪಾದನೆ ಥರ ಕೇಳಿಸುತ್ತದೆ.

ಗಡ್ಡೆಯ ಬ್ಲಾಕ್ ಜೊತೆಗೆ ಅವರ ರಕ್ತವೂ ಬೇಕು. ಗಡ್ಡೆ ಸುಳಿವು ಕೊಡುತ್ತದೆ, ಹುಟ್ಟಿನಿಂದ ಬಂದ ದೋಷ ಯಾವುದು ಅನ್ನುವುದನ್ನು ರಕ್ತದ ಪರೀಕ್ಷೆಯೇ ಹೇಳಬೇಕು.

ಪಾಲಿಪ್ ಪುರಾಣ

ಎಲ್ಲರೂ ಲಿಂಚ್ ಲಿಂಚ್ ಅಂತಿದ್ದೀರಿ, ನಮ್ಮಂಥವರನ್ನೂ ಸ್ವಲ್ಪ ನೆನೆಸಿಕೊಳ್ಳಿ. ನನ್ನದು ಎಫ್‌ಎಪಿ, ಕರುಳಿನ ಒಳಗೋಡೆಯಲ್ಲಿ ಪಾಲಿಪ್ ಅನ್ನುವ ಸಣ್ಣ ಗಂಟುಗಳು ರಾಶಿ ಏಳುವ ವಂಶದ ಕಾಯಿಲೆ. ಎಪಿಸಿ ಅನ್ನುವ ಜೀನ್ ಕೆಟ್ಟಿದೆ. 1991ರಲ್ಲಿ ಕಂಡುಹಿಡಿದ ಜೀನ್ ಅದು, ಐದನೇ ಕ್ರೋಮೋಸೋಮಿನಲ್ಲಿದೆ. ಲಿಂಚ್‌ನವರಿಗೆ ಒಂದೆರಡು ಪಾಲಿಪ್. ನಮಗೆ ನೂರು, ಸಾವಿರ. ನನ್ನ ಕೊಲೊನೋಸ್ಕೋಪಿ ಫೋಟೋ ನೋಡಿದರೆ ಕರುಳಿನ ಗೋಡೆಯೇ ಕಾಣುತ್ತಿರಲಿಲ್ಲ, ಬರೀ ಗುಳ್ಳೆ. ಎಣಿಸುವುದನ್ನು ಡಾಕ್ಟರೇ ಬಿಟ್ಟಿದ್ದರು. ಹಾಗೇ ಬಿಟ್ಟರೆ 40ರ ಆಸುಪಾಸಿಗೆ ಹೆಚ್ಚುಕಡಿಮೆ ಎಲ್ಲರಿಗೂ ಕ್ಯಾನ್ಸರ್ ಆಗುತ್ತದೆ. ಅದಕ್ಕೇ ದೊಡ್ಡ ಕರುಳನ್ನೇ ತೆಗೆದರು. ಬದುಕು ನಡೆಯುತ್ತಿದೆ. ಹೊಸ ಜಾಗಕ್ಕೆ ಹೋದರೆ ಟಾಯ್ಲೆಟ್ ಎಲ್ಲಿದೆ ಅಂತ ಮೊದಲು ನೋಡಿಕೊಳ್ಳುತ್ತೇನೆ, ಅಷ್ಟೇ.

ನನ್ನ ಪಾಯಿಂಟ್ ಬೇರೆ. ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಪ್ಪ ಅಮ್ಮ ಇಬ್ಬರ ಟೆಸ್ಟೂ ಕ್ಲೀನ್. ಎಫ್‌ಎಪಿಯಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಹೀಗೆ ಹೊಸದಾಗಿ ಶುರುವಾಗುತ್ತದಂತೆ. ವಂಶ ನನ್ನಿಂದಲೇ ಆರಂಭ! ಆದ್ದರಿಂದ 'ನಮ್ಮ ಕಡೆ ಯಾರಿಗೂ ಇಲ್ಲ' ಅನ್ನುವ ಮಾತನ್ನು ಜಾಸ್ತಿ ನಂಬಬೇಡಿ. ನನ್ನ ಮಕ್ಕಳಿಗೆ ಮಾತ್ರ ಬರುವ ಸಾಧ್ಯತೆ ಅರ್ಧಕ್ಕರ್ಧ. ದೊಡ್ಡವಳನ್ನು 10 ತುಂಬಿದಾಗ ಟೆಸ್ಟ್ ಮಾಡಿಸಿದೆವು. ಎಫ್‌ಎಪಿಯಲ್ಲಿ ಮಕ್ಕಳಾಗಿರುವಾಗಲೇ ನೋಡಬೇಕು, ಏಕೆಂದರೆ 10–12ರಿಂದಲೇ ಕರುಳಿನ ತಪಾಸಣೆ ಶುರು.

ತಂಗಿಯ ಅಣ್ಣ

ಪಾಲಿಪ್ ಪುರಾಣ ಅವರ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ನಮ್ಮದು ಇನ್ನೊಂದೇ ದಾರಿ: ಎಂಯುಟಿವೈಎಚ್ ಅನ್ನುವ ಜೀನ್‌ನ ಕಾಯಿಲೆ. ಇದು ಬರಬೇಕಾದರೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಪ್ರತಿ ಕೆಟ್ಟಿರಬೇಕು. ಒಂದೊಂದೇ ಇಟ್ಟುಕೊಂಡಿದ್ದ ಅಪ್ಪ ಅಮ್ಮ ಇಬ್ಬರಿಗೂ 70 ದಾಟಿದೆ, ಏನೂ ಆಗಿಲ್ಲ. ತಂಗಿಗೆ 42ರಲ್ಲಿ ಪಾಲಿಪ್‌ಗಳು, ಜೊತೆಗೆ ಕ್ಯಾನ್ಸರ್. ಎಪಿಸಿ ನೋಡಿದರು, ಇಲ್ಲ. ಆಮೇಲೆ ಇದು ಸಿಕ್ಕಿತು. ಈ ಜೀನ್‌ಗೂ ಕರುಳಿನ ಪಾಲಿಪ್‌ಗೂ ಇರುವ ನಂಟು ಬೆಳಕಿಗೆ ಬಂದದ್ದೇ 2002ರಲ್ಲಿ.

ಇಲ್ಲಿ ಲೆಕ್ಕ ತಿರುಗಿ ಬೀಳುತ್ತದೆ. ಲಿಂಚ್‌ನಲ್ಲಿ ಮೇಲಿನ ತಲೆಮಾರು, ಕೆಳಗಿನ ತಲೆಮಾರು ನೋಡುತ್ತಾರೆ. ಇದರಲ್ಲಿ ಅಕ್ಕಪಕ್ಕ ನೋಡಬೇಕು, ಒಡಹುಟ್ಟಿದವರನ್ನು. ನನಗೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಇತ್ತು. ಒಂದೇ ಪ್ರತಿ ಬಂದಿದೆ, ಬಚಾವ್. ಗಂಡ ಹೆಂಡತಿ ರಕ್ತಸಂಬಂಧಿಗಳಾಗಿದ್ದರೆ ಇಂಥ ಎರಡು ಪ್ರತಿಯ ಕಾಯಿಲೆ ಕಾಣಿಸಿಕೊಳ್ಳುವುದು ಜಾಸ್ತಿ. ಕೌನ್ಸೆಲರ್ ಕೇಳಿದರೆ ಮುಚ್ಚಿಡಬೇಡಿ.

ಇನ್ನೊಂದು, ಮನೆಗೆ ಬರುವ ಕಿಟ್ ಬಗ್ಗೆ. ಈ ಜೀನ್‌ನಲ್ಲಿ ಯುರೋಪಿಯನ್ ಮೂಲದವರಲ್ಲಿ ಹೆಚ್ಚು ಕಾಣುವ ಎರಡೇ ಎರಡು ಬದಲಾವಣೆ ನೋಡಿ 'ಇಲ್ಲ' ಅನ್ನುವ ಕಿಟ್‌ಗಳಿವೆ. ಬೇರೆ ಮೂಲದವರಿಗೆ ಅಂಥ 'ಇಲ್ಲ'ದಿಂದ ಏನು ಪ್ರಯೋಜನ?

ಹಳೇಕಡತ

ಈ ವಿಷಯದ ಚರಿತ್ರೆ ನನಗೆ ಬಹಳ ಇಷ್ಟ. ಸ್ವಲ್ಪ ದಾರಿ ತಪ್ಪಿಸುತ್ತೇನೆ, ಕ್ಷಮಿಸಿ.

1895ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಪೆಥಾಲಜಿಸ್ಟ್ ಆಲ್ಡ್ರೆಡ್ ವಾರ್ತಿನ್ ಹತ್ತಿರ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಮಾತಾಡುತ್ತ, ನಮ್ಮ ಮನೆಯವರೆಲ್ಲ ಕರುಳಿನದೋ ಹೆಂಗಸರದೋ ಕ್ಯಾನ್ಸರ್‌ನಿಂದಲೇ ಹೋಗುತ್ತಾರೆ, ನಾನೂ ಹಾಗೇ ಹೋಗುತ್ತೇನೆ ಅಂದಳು. ಮುಂದೆ ಗರ್ಭಕೋಶದ ಕ್ಯಾನ್ಸರ್‌ನಿಂದಲೇ ತೀರಿಕೊಂಡಳು. ವಾರ್ತಿನ್ ಆಕೆಯ ಕುಟುಂಬದ ವಿವರ ಕೂಡಿಸಿ 1913ರಲ್ಲಿ ಪ್ರಕಟಿಸಿದ. 'ಫ್ಯಾಮಿಲಿ ಜಿ' ಅಂತ ಹೆಸರಾಯಿತು. ಜನ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. 1960ರ ದಶಕದಲ್ಲಿ ಹೆನ್ರಿ ಲಿಂಚ್ ಇಂಥವೇ ಕುಟುಂಬಗಳನ್ನು ಹಿಡಿದು 1966ರಲ್ಲಿ ಬರೆದ. ಕ್ಯಾನ್ಸರ್ ವಂಶದಲ್ಲಿ ಬರುತ್ತದೆ ಅನ್ನುವುದನ್ನು ಆಗ ಬಹಳ ಜನ ಒಪ್ಪುತ್ತಿರಲಿಲ್ಲ. 1993ರಲ್ಲಿ ಎಂಎಸ್‌ಎಚ್2 ಜೀನ್ ಸಿಕ್ಕಿತು, ಮರುವರ್ಷ ಎಂಎಲ್‌ಎಚ್1. ಫ್ಯಾಮಿಲಿ ಜಿಯವರಲ್ಲಿ ಇದ್ದದ್ದು ಎಂಎಸ್‌ಎಚ್2ರ ದೋಷ ಅಂತ 2000ದಲ್ಲಿ ಗೊತ್ತಾಯಿತು. ಹೊಲಿಗೆಯವಳು ಹೇಳಿ ನೂರು ವರ್ಷ ಕಳೆದ ಮೇಲೆ.

ಕಾಡುಮಲ್ಲಿಗೆ ಅವರ ಅಪ್ಪ ಮತ್ತು ಅತ್ತೆಯ ವಿಷಯ ಓದಿದಾಗ ನನಗೆ ನೆನಪಾದದ್ದು ಅವಳೇ.

ಸರಳರೇಖೆ

ಸರಿ, ಒಪ್ಪಿದೆ. ಆದರೆ ಒಂದು ಅನುಮಾನ. ಜೀನ್ ಹುಟ್ಟಿನಿಂದಲೇ ಕೆಟ್ಟಿದ್ದರೆ ಕ್ಯಾನ್ಸರ್ ಹುಟ್ಟಿನಿಂದಲೇ ಯಾಕೆ ಬರಲ್ಲ? ಜೀನ್ ಇದ್ದೂ 80ರವರೆಗೆ ಏನೂ ಆಗದವರೂ ಇದ್ದಾರಲ್ಲ?

ಲ್ಯಾಬ್‌ಕೋಟು

ಪ್ರತಿ ಜೀನ್‌ಗೂ ಎರಡು ಪ್ರತಿ. ಲಿಂಚ್‌ನವರಿಗೆ ಒಂದು ಕೆಟ್ಟದ್ದು, ಒಂದು ಒಳ್ಳೆಯದು. ಒಳ್ಳೆಯದೇ ಕೆಲಸ ನಡೆಸಿಕೊಂಡು ಹೋಗುತ್ತದೆ. ಕರುಳಿನ ಯಾವುದೋ ಒಂದು ಜೀವಕೋಶದಲ್ಲಿ ಆ ಎರಡನೆಯದೂ ಕೆಟ್ಟರೆ ಆಗ ತಿದ್ದುವವರೇ ಇಲ್ಲ. ತಪ್ಪು ರಾಶಿ ಬೀಳುತ್ತದೆ. ಆ ಎರಡನೇ ಪೆಟ್ಟು ಯಾವಾಗ ಬೀಳುತ್ತದೆ, ಬೀಳುತ್ತದೋ ಇಲ್ಲವೋ, ಯಾರಿಗೂ ಹೇಳಲಾಗದು.

ಯಾವ ಜೀನ್ ಅನ್ನುವುದರ ಮೇಲೂ ಹೋಗುತ್ತದೆ. ಎಂಎಲ್‌ಎಚ್1, ಎಂಎಸ್‌ಎಚ್2 ಕೆಟ್ಟಿದ್ದರೆ ಜೀವಮಾನದಲ್ಲಿ ಕರುಳಿನ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧ. ಪಿಎಂಎಸ್2ಗೆ ಅದು 10–20%ಗೆ ಇಳಿಯುತ್ತದೆ. ಎಲ್ಲಕ್ಕೂ ಒಂದೇ ಹೆಸರು ಇಟ್ಟಿದ್ದೇವೆ, ಅಪಾಯ ಒಂದೇ ಅಲ್ಲ. 'ನನಗೆ ಲಿಂಚ್' ಅಂತ ಬರೆಯುವವರು ದಯವಿಟ್ಟು ಯಾವ ಜೀನ್ ಅಂತಲೂ ಬರೆಯಿರಿ.

ಬೂದುಬಣ್ಣ

ನನ್ನ ಪ್ರಶ್ನೆಗೆ ಯಾರಾದರೂ ಉತ್ತರ ಕೊಡಿ. ನನ್ನ ರಿಪೋರ್ಟ್‌ನಲ್ಲಿ ಎಂಎಸ್‌ಎಚ್6 ಎದುರು 'ಅರ್ಥ ಖಚಿತವಿಲ್ಲದ ಬದಲಾವಣೆ' ಅಂತ ಬಂದಿದೆ. ಪಾಸಿಟಿವ್ವಾ ನೆಗೆಟಿವ್ವಾ? ರಾತ್ರಿ ನಿದ್ದೆ ಇಲ್ಲ.

ಚೌಕ ವೃತ್ತ

ಎರಡೂ ಅಲ್ಲ. ಜೀನ್‌ನಲ್ಲಿ ಒಂದು ಅಕ್ಷರ ಬೇರೆ ಇದೆ, ಅದು ಕೆಡುಕು ಮಾಡುತ್ತದೋ ಇಲ್ಲವೋ ಅಂತ ಹೇಳುವಷ್ಟು ಮಾಹಿತಿ ಇನ್ನೂ ಇಲ್ಲ. ನಮ್ಮೆಲ್ಲರ ಜೀನ್‌ಗಳಲ್ಲೂ ಇಂಥವು ಬೇಕಾದಷ್ಟಿವೆ. ಮುಂದೆ ಮಾಹಿತಿ ಸಿಕ್ಕಾಗ ಇವುಗಳಲ್ಲಿ ಹೆಚ್ಚಿನವು 'ನಿರಪಾಯ' ಪಟ್ಟಿಗೆ ಹೋಗುತ್ತವೆ. ಅದನ್ನು ಹಿಡಿದು ಗರ್ಭಕೋಶ ತೆಗೆಸುವುದು, ಮನೆಯವರನ್ನೆಲ್ಲ ಸಾಲಾಗಿ ಟೆಸ್ಟ್ ಮಾಡಿಸುವುದು ಯಾವುದೂ ಬೇಡ. ತಪಾಸಣೆ ಎಷ್ಟು ಬೇಕು ಅಂತ ಕುಟುಂಬದ ಚರಿತ್ರೆ ನೋಡಿ ಡಾಕ್ಟರ್ ಹೇಳುತ್ತಾರೆ. ಒಂದೆರಡು ವರ್ಷಕ್ಕೊಮ್ಮೆ ಆ ಲ್ಯಾಬ್‌ನವರಿಗೆ 'ಇದರ ವರ್ಗ ಏನಾದರೂ ಬದಲಾಯಿತಾ' ಅಂತ ಕೇಳಿ. ಅವರಾಗಿ ಹೇಳುತ್ತಾರೆ ಅಂತ ಕಾಯಬೇಡಿ. ಈಗ ಮಲಗಿ.

ಸರಳರೇಖೆ

ಇತ್ತೀಚೆಗೆ 'ಪಾಲಿಜೆನಿಕ್ ಸ್ಕೋರ್' ಅಂತ ಕೇಳುತ್ತಿದ್ದೇನೆ. ಅದು ಈ ಕೆಟ್ಟ ಜೀನ್‌ಗಳಿಗಿಂತ ಬೇರೆನಾ?

ಲ್ಯಾಬ್‌ಕೋಟು

ಬೇರೆ. ಸ್ಕ್ಯಾಂಡಿನೇವಿಯದ ಅವಳಿಗಳ ಮೇಲೆ ಮಾಡಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಕ್ಯಾನ್ಸರ್ ಯಾರಿಗೆ ಬರುತ್ತದೆ ಅನ್ನುವ ವ್ಯತ್ಯಾಸದಲ್ಲಿ ಸುಮಾರು 35% ಪಾಲು ವಂಶವಾಹಿಯದ್ದು ಅಂತ ಬಂತು. ಲಿಂಚ್, ಎಫ್‌ಎಪಿ ಎಲ್ಲ ಕೂಡಿಸಿದರೂ ಅಷ್ಟಾಗುವುದಿಲ್ಲ. ಉಳಿದದ್ದರ ಒಂದು ಭಾಗ ಸಣ್ಣ ಸಣ್ಣ ಬದಲಾವಣೆಗಳಲ್ಲಿ ಹಂಚಿಹೋಗಿದೆ. 2007ರಲ್ಲಿ ಎಂಟನೇ ಕ್ರೋಮೋಸೋಮಿನಲ್ಲಿ ಮೊದಲನೆಯದು ಸಿಕ್ಕಿತು, ಈಗ ಇನ್ನೂರರ ಮೇಲಾಗಿವೆ. ಒಂದೊಂದೂ ಅಪಾಯವನ್ನು ಕೂದಲೆಳೆಯಷ್ಟು ಏರಿಸುತ್ತದೆ. ಎಲ್ಲ ಕೂಡಿಸಿದ್ದೇ ಸ್ಕೋರ್. ಮಾಹಿತಿಯ ಬಹುಪಾಲು ಯುರೋಪಿಯನ್, ಪೂರ್ವ ಏಷ್ಯಾ ಮೂಲದವರದ್ದು. ಬೇರೆಯವರಿಗೆ ಅದೇ ಸ್ಕೋರ್ ಅಷ್ಟು ಸರಿಯಾಗಿ ಹೊಂದುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಅಪ್ಪನಿಗೆ 46ರಲ್ಲಿ ಬಂದಿರುವ ಮನೆಯಲ್ಲಿ ಸ್ಕೋರ್ ಹಿಂದೆ ಹೋಗುವುದು ಸಮಯ ಹಾಳು.

ಕಾಡುಮಲ್ಲಿಗೆ

ಬಹಳ ದಿನ ಆಯಿತು, ಕ್ಷಮಿಸಿ. ಸುದ್ದಿ ಇದೆ.

ಅತ್ತೆ ಒಪ್ಪಿದರು. ಅವರ ಬ್ಲಾಕ್‌ನಲ್ಲಿ ಎಂಎಸ್‌ಎಚ್2 ಇಲ್ಲ, ಎಂಎಸ್‌ಎಚ್6 ಇಲ್ಲ. ಲ್ಯಾಬ್‌ಕೋಟು ಅವರು ಹೇಳಿದ ಅದೇ ಜೋಡಿ. ರಕ್ತದ ಟೆಸ್ಟ್‌ನಲ್ಲಿ ಎಂಎಸ್‌ಎಚ್2 ಜೀನ್‌ನ ಒಂದು ದೊಡ್ಡ ತುಂಡೇ ಕಾಣೆಯಾಗಿದೆ ಅಂತ ಬಂತು. ಆ ರಿಪೋರ್ಟ್ ಹಿಡಿದು ನಾನು, ಅಕ್ಕ ರಕ್ತ ಕೊಟ್ಟೆವು, ಅದೊಂದನ್ನೇ ನೋಡಿ ಅಂತ. ಅಕ್ಕನಲ್ಲಿ ಇಲ್ಲ. ನನ್ನಲ್ಲಿ ಇದೆ.

ಹಸಿರು ಅಕ್ಷರದ ರಿಪೋರ್ಟ್ ಇನ್ನೂ ಮೇಜಿನ ಮೇಲಿದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ತಲೆ ತಿರುಗುತ್ತದೆ. ಕಿಟ್‌ಗೆ ಇದು ಯಾಕೆ ಕಾಣಲಿಲ್ಲ?

ಲ್ಯಾಬ್‌ಕೋಟು

ಮೊದಲು, ಧೈರ್ಯವಾಗಿರಿ. ಗೊತ್ತಾಗಿದೆ, ಅದೇ ದೊಡ್ಡದು.

ಕಿಟ್ ನೋಡುವುದು ಮೊದಲೇ ಗುರುತು ಮಾಡಿಟ್ಟ ಕೆಲವು ಅಕ್ಷರಗಳನ್ನು. ಅಲ್ಲಿ ಒಂದು ಅಕ್ಷರ ಬದಲಾಗಿದ್ದರೆ ಹಿಡಿಯುತ್ತದೆ. ನಿಮ್ಮಲ್ಲಿ ಆಗಿರುವುದು ಒಂದು ಪ್ರತಿಯಿಂದ ಇಡೀ ತುಂಡೇ ಹಾರಿಹೋಗಿರುವುದು. ಇನ್ನೊಂದು ಪ್ರತಿ ಸರಿಯಾಗಿದೆಯಲ್ಲ, ಓದಿದಾಗ ಅದರ ಅಕ್ಷರಗಳೇ ಸಿಗುತ್ತವೆ, ಎಲ್ಲ ಸರಿಯಿದೆ ಅನಿಸುತ್ತದೆ. ಎಷ್ಟು ಪ್ರತಿ ಇದೆ ಅಂತ ಎಣಿಸುವ ಪರೀಕ್ಷೆ ಬೇರೆ, ಎಂಎಲ್‌ಪಿಎ ಅದರಲ್ಲೊಂದು. ಎಂಎಸ್‌ಎಚ್2ರಲ್ಲಿ ಇಂಥ ದೊಡ್ಡ ತುಂಡು ಹೋಗುವುದು ಅಪರೂಪವೇನಲ್ಲ. ಪಕ್ಕದ ಇಪಿಸಿಎಎಂ ಜೀನ್‌ನ ಬಾಲ ಹೋದರೂ ಎಂಎಸ್‌ಎಚ್2 ಬಾಯಿ ಮುಚ್ಚಿಕೊಳ್ಳುತ್ತದೆ. ಪಿಎಂಎಸ್2ದು ಇನ್ನೊಂದು ತಲೆನೋವು, ಅದರ ಥರವೇ ಕಾಣುವ ಕೆಲಸಕ್ಕೆ ಬಾರದ ನಕಲಿ ಜೀನ್ ಇದೆ, ಯಾವುದು ಯಾವುದು ಅಂತ ಬಿಡಿಸುವುದೇ ಕಷ್ಟ. ಆದ್ದರಿಂದ ಟೆಸ್ಟ್ ಮಾಡಿಸುವವರು 'ತುಂಡು ಹೋಗಿರುವುದನ್ನೂ ನೋಡುತ್ತೀರಾ' ಅಂತ ಒಂದು ಮಾತು ಕೇಳಿ.

ಚೌಕ ವೃತ್ತ

ಮುಂದೇನು ಅನ್ನುವುದು ನಿಮ್ಮ ತಲೆಯಲ್ಲಿ ಸುತ್ತುತ್ತಿರುತ್ತದೆ. ಎಂಎಸ್‌ಎಚ್2 ಆದ್ದರಿಂದ ಕೊಲೊನೋಸ್ಕೋಪಿ ಒಂದರಿಂದ ಎರಡು ವರ್ಷಕ್ಕೊಮ್ಮೆ. ಸಾಮಾನ್ಯವಾಗಿ 20–25ಕ್ಕೇ ಶುರು ಮಾಡುತ್ತಾರೆ, ನೀವು ಈಗಲೇ ಮಾಡಿಸಿ. ಇಷ್ಟು ಹತ್ತಿರ ಹತ್ತಿರ ಯಾಕೆ ಅಂದರೆ, ಬೇರೆಯವರಲ್ಲಿ ಪಾಲಿಪ್ ಕ್ಯಾನ್ಸರ್ ಆಗಲು 10 ವರ್ಷದ ಆಸುಪಾಸು ಬೇಕು, ಲಿಂಚ್‌ನಲ್ಲಿ ಎರಡು ಮೂರು ವರ್ಷದಲ್ಲೇ ಆಗಬಹುದು.

ಇದರಿಂದ ನಿಜಕ್ಕೂ ಉಪಯೋಗ ಇದೆಯಾ ಅಂತ ಕೇಳುವವರಿಗೆ ಫಿನ್ಲೆಂಡ್‌ನ ಅಧ್ಯಯನ ಹೇಳುತ್ತೇನೆ. ಇಂಥ 22 ಕುಟುಂಬಗಳ 252 ಜನರನ್ನು 15 ವರ್ಷ ಗಮನಿಸಿದರು. ಮೂರು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಂಡ 133 ಜನರಲ್ಲಿ 8 ಜನರಿಗೆ ಕ್ಯಾನ್ಸರ್ ಬಂತು, ಅದರಿಂದ ಯಾರೂ ಸಾಯಲಿಲ್ಲ. ಮಾಡಿಸಿಕೊಳ್ಳದ 119 ಜನರಲ್ಲಿ 19 ಜನರಿಗೆ ಬಂತು, 9 ಜನ ತೀರಿಕೊಂಡರು. ಮುಖ್ಯ ಕಾರಣ, ಪಾಲಿಪ್ ಇರುವಾಗಲೇ ತೆಗೆದುಬಿಟ್ಟದ್ದು.

ಗರ್ಭಕೋಶ, ಅಂಡಾಶಯದ ವಿಷಯ ಸ್ತ್ರೀರೋಗ ತಜ್ಞರ ಹತ್ತಿರ ಮಾತಾಡಿ. ಅಲ್ಲಿ ಕರುಳಿನಷ್ಟು ಒಳ್ಳೆಯ ತಪಾಸಣೆ ಇಲ್ಲ. ಮಕ್ಕಳು ಸಾಕು ಅಂದ ಮೇಲೆ 40ರ ಆಸುಪಾಸಿನಲ್ಲಿ ಎರಡನ್ನೂ ತೆಗೆಸುವ ಮಾತು ಬರುತ್ತದೆ. ಈಗಲೇ ತೀರ್ಮಾನ ಬೇಡ. ಅದಕ್ಕಿಂತ ಮೊದಲು ಹೊತ್ತಲ್ಲದ ಹೊತ್ತಿನಲ್ಲಿ ರಕ್ತಸ್ರಾವ ಆದರೆ ಮಾತ್ರ ತಡ ಮಾಡಬೇಡಿ.

ಆಸ್ಪಿರಿನ್ ಬಗ್ಗೆ ನೀವೇ ಎಲ್ಲೋ ಓದುತ್ತೀರಿ, ಅದಕ್ಕೆ ಮೊದಲೇ ಹೇಳುತ್ತೇನೆ. ಲಿಂಚ್ ಇರುವ 861 ಜನರ ಮೇಲೆ ಕ್ಯಾಪ್2 ಅನ್ನುವ ಪ್ರಯೋಗ ನಡೆಯಿತು. ದಿನಕ್ಕೆ 600 ಮಿಲಿಗ್ರಾಂ. 2020ರಲ್ಲಿ ಬಂದ ದೀರ್ಘಾವಧಿ ಫಲಿತಾಂಶದಲ್ಲಿ ಆಸ್ಪಿರಿನ್ ಗುಂಪಿನ 9% ಜನರಿಗೆ ಕರುಳಿನ ಕ್ಯಾನ್ಸರ್, ಬರೀ ಸಕ್ಕರೆ ಗುಳಿಗೆಯಂಥದ್ದು ತಿಂದವರಲ್ಲಿ 13%. ಫಲ ಕಾಣಲು ವರ್ಷಗಳೇ ಬೇಕಾದವು. ಹೊಟ್ಟೆಯಲ್ಲಿ ರಕ್ತಸ್ರಾವದ ಭಯ ಇರುವುದರಿಂದ ಡಾಕ್ಟರನ್ನು ಕೇಳದೆ ನುಂಗಬೇಡಿ.

ಕಾಡುಮಲ್ಲಿಗೆ

ಕೊಲೊನೋಸ್ಕೋಪಿ ಆಯಿತು. ಎರಡು ಸಣ್ಣ ಪಾಲಿಪ್, ಅಲ್ಲೇ ತೆಗೆದರು. ಕ್ಯಾನ್ಸರ್ ಇಲ್ಲ. ಹಿಂದಿನ ರಾತ್ರಿ ಹೊಟ್ಟೆ ಖಾಲಿ ಮಾಡಲು ಕುಡಿಸುವ ಆ ನೀರು ಇದೆಯಲ್ಲ, ಅದೇ ದೊಡ್ಡ ಶಿಕ್ಷೆ. ಟೆಸ್ಟ್ ಆದದ್ದೇ ಗೊತ್ತಾಗಲಿಲ್ಲ.

ಈಗ ಅಣ್ಣನ ಸಮಸ್ಯೆ. ಅವನಿಗೆ 38. 'ಗೊತ್ತಾಗಿ ಏನು ಮಾಡಲಿ, ನೆಮ್ಮದಿ ಹಾಳು' ಅಂತ ರಕ್ತ ಕೊಡಲು ಒಪ್ಪುತ್ತಿಲ್ಲ. ಅವನಿಗೆ ಎಂಟು ವರ್ಷದ ಮಗಳು ಬೇರೆ ಇದ್ದಾಳೆ. ಅತ್ತಿಗೆ ಮಗುವಿಗಾದರೂ ಮಾಡಿಸೋಣ ಅಂತಿದ್ದಾರೆ.

ಪಾಲಿಪ್ ಪುರಾಣ

ಎರಡು ಪಾಲಿಪ್! ನಮ್ಮ ಸಂಘಕ್ಕೆ ಸೇರಲು ಇನ್ನೂ 98 ಬೇಕು. ತಮಾಷೆ ಬಿಡಿ, ಬಹಳ ಸಂತೋಷ ಆಯಿತು.

ಚೌಕ ವೃತ್ತ

ಮಗುವಿಗೆ ಈಗ ಬೇಡ. ಪಾಲಿಪ್ ಪುರಾಣ ಅವರ ಮನೆಯಲ್ಲಿ ಬೇಗ ಮಾಡಿಸಬೇಕಿತ್ತು, ಏಕೆಂದರೆ ಎಫ್‌ಎಪಿಯಲ್ಲಿ ಮಕ್ಕಳಾಗಿರುವಾಗಲೇ ಕೆಲಸ ಇದೆ. ಲಿಂಚ್‌ನಲ್ಲಿ ಆ ವಯಸ್ಸಿಗೆ ಮಾಡುವಂಥದ್ದೇನೂ ಇಲ್ಲ. ಅವಳು ದೊಡ್ಡವಳಾಗಿ ತಾನೇ ತೀರ್ಮಾನ ಮಾಡಲಿ. ಅದೂ ಅಲ್ಲದೆ, ಮಗುವಿನಲ್ಲಿ ಪಾಸಿಟಿವ್ ಬಂದರೆ ಅಪ್ಪನದ್ದೂ ಗೊತ್ತಾದ ಹಾಗೆಯೇ. ಬೇಡ ಅಂದವರಿಗೆ ಹಿಂಬಾಗಿಲಿಂದ ಹೇಳಿದಂತೆ ಆಗುತ್ತದೆ.

ಅಣ್ಣನನ್ನು ಬಲವಂತ ಮಾಡಬೇಡಿ. ಬೇಡ ಅನ್ನುವ ಹಕ್ಕು ಅವರಿಗಿದೆ. ಆದರೆ ಟೆಸ್ಟ್ ಬೇಡ ಅಂದರೆ ಕೊಲೊನೋಸ್ಕೋಪಿಯೂ ಬೇಡ ಅಂತಲ್ಲ, ಈ ಎರಡನ್ನೂ ಬಿಡಿಸಿ ಹೇಳಿ. ಜೀನ್ ಇದೆಯೋ ಇಲ್ಲವೋ ಗೊತ್ತಿಲ್ಲದವರು ಇದೆ ಅಂತಲೇ ಭಾವಿಸಿ ತಪಾಸಣೆ ಮಾಡಿಸಿಕೊಳ್ಳಬೇಕು. ಒಂದೆರಡು ವರ್ಷಕ್ಕೊಮ್ಮೆ ಆ ನೀರು ಕುಡಿದ ಮೇಲೆ, ಒಂದು ಸಲ ರಕ್ತ ಕೊಟ್ಟರೆ ಇದರಿಂದ ಬಿಡುಗಡೆ ಸಿಗುವ ಸಾಧ್ಯತೆ ಅರ್ಧ ಇದೆ ಅಂತ ಅವರಿಗೇ ಹೊಳೆಯುತ್ತದೆ. ಹೀಗೆ ದಾರಿಗೆ ಬಂದವರನ್ನು ನೋಡಿದ್ದೇನೆ.

ತಂಗಿಯ ಅಣ್ಣ

ಅತ್ತೆಗೆ ಮಕ್ಕಳಿದ್ದಾರಾ? ಅಪ್ಪನ ಬೇರೆ ಅಣ್ಣ ತಮ್ಮಂದಿರು? ಅವರಿಗೂ ಹೇಳಬೇಕಲ್ವಾ?

ಕಾಡುಮಲ್ಲಿಗೆ

ಅತ್ತೆಗೆ ಇಬ್ಬರು ಮಕ್ಕಳು. ಒಬ್ಬರು ಚಿಕ್ಕಪ್ಪ ಇದ್ದಾರೆ, ಅವರಿಗೆ ಮೂವರು. ಫ್ಯಾಮಿಲಿ ಗ್ರೂಪಿನಲ್ಲಿ ಏನು ಅಂತ ಹಾಕಲಿ? ಒಂದು ಸಲ ಟೈಪ್ ಮಾಡಿದ್ದು ನೋಡಿದರೆ ಸಾವಿನ ಸುದ್ದಿ ಥರ ಇತ್ತು, ಅಳಿಸಿದೆ.

ಚೌಕ ವೃತ್ತ

ಗ್ರೂಪಿನಲ್ಲಿ ಬೇಡ, ಒಬ್ಬೊಬ್ಬರಿಗೇ ಫೋನ್ ಮಾಡಿ. ಅತ್ತೆಯ ಒಪ್ಪಿಗೆ ತೆಗೆದುಕೊಂಡು ಅವರ ರಿಪೋರ್ಟ್‌ನ ಪ್ರತಿ ಕಳಿಸಿ. ಬಾಯಲ್ಲಿ 'ಲಿಂಚ್ ಅಂತೆ' ಅಂದರೆ ಯಾವ ಲ್ಯಾಬಿಗೂ ಉಪಯೋಗ ಇಲ್ಲ. ಜೀನ್‌ನ ಹೆಸರು, ಎಷ್ಟನೇ ಎಕ್ಸಾನ್‌ನಿಂದ (ಜೀನ್‌ನ ಒಂದೊಂದು ತುಣುಕಿಗೆ ಎಕ್ಸಾನ್ ಅಂತಾರೆ) ಎಷ್ಟನೆಯದರವರೆಗೆ ಹೋಗಿದೆ ಅನ್ನುವುದು, ಟೆಸ್ಟ್ ಮಾಡಿದ ಲ್ಯಾಬ್ ಮತ್ತು ತಾರೀಖು, ಇಷ್ಟು ಕಾಣುವ ಪುಟ ಬೇಕು. ಅದಿದ್ದರೆ ಅವರ ಟೆಸ್ಟ್ ಸುಲಭ, ನೆಗೆಟಿವ್ ಬಂದರೆ ನಂಬಬಹುದಾದ ನೆಗೆಟಿವ್. ಚಿಕ್ಕಪ್ಪ ಮೊದಲು ಮಾಡಿಸಲಿ. ಅವರಲ್ಲಿ ಇಲ್ಲ ಅಂದರೆ ಅವರ ಮೂವರೂ ಮಾಡಿಸಬೇಕಿಲ್ಲ.

ಕಾಡುಮಲ್ಲಿಗೆ

ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅಜ್ಜನ ವಿಷಯ ಅವರಿಗೆ ನೆನಪಿತ್ತು: 52 ವಯಸ್ಸು, ಮಲದಲ್ಲಿ ರಕ್ತ ಹೋಗುತ್ತಿತ್ತು, ಮೂಲವ್ಯಾಧಿ ಅಂತ ಮದ್ದು ಮಾಡಿಸುತ್ತಿದ್ದರಂತೆ. ಸೋಮವಾರ ರಕ್ತ ಕೊಡಲು ಹೋಗುತ್ತಿದ್ದಾರೆ. ಎಕ್ಸಾನ್ ನಂಬರು ಇರುವ ಪುಟ ಕಳಿಸಿದ್ದೇನೆ.